ನನ್ನ ತೂಕ ನನಗೆ ಗೊತ್ತು ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಕೆಲಸದ ಲೆಕ್ಕ ಬರೆಯುವವನು. ವಯಸ್ಸು 43, ಎತ್ತರ 170 ಸೆಂಟಿಮೀಟರ್, ತೂಕ 104 ಕೆಜಿ. ತೂಕವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಯಾರೇ ಸಿಕ್ಕಿದರೂ ಮಾತು ಶುರುವಾಗುವುದು ಅಲ್ಲಿಂದಲೇ. ‘ಏನ್ ರೈಟರೇ, ಇನ್ನೂ ದಪ್ಪ ಆಗಿದ್ದೀರಲ್ಲ?’ ಹೋದ ವಾರ ಕುಶಾಲನಗರಕ್ಕೆ ಹೋಗುವ ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಕೂತಿದ್ದೆ. ಏಳನೇ ಹೊಸಕೋಟೆಯಲ್ಲಿ ಒಬ್ಬರು ಹತ್ತಿದರು. ಜಾಗ ಇತ್ತು. ನಾನು ಕಿಟಕಿಗೆ ಒತ್ತಿಕೊಂಡು ‘ಬನ್ನಿ, ಕೂತ್ಕೊಳ್ಳಿ’ ಅಂದೆ. ಅವರು ಮೇಲಿಂದ ಕೆಳಗೆ ನೋಡಿ ‘ಪರವಾಗಿಲ್ಲ ಬಿಡಿ’ ಅಂದು ನಿಂತೇ ಬಂದರು. ಮಾತೇನೂ ಕೆಟ್ಟದ್ದಲ್ಲ. ಆದರೆ ಕುಶಾಲನಗರ ಬರುವ ತನಕ ನಾನು ಹೊಟ್ಟೆ ಒಳಗೆ ಎಳೆದುಕೊಂಡು, ಉಸಿರು ಬಿಗಿ ಹಿಡಿದು ಕೂತಿದ್ದೆ.

ಕೊಡಗಿನಲ್ಲಿ ದಪ್ಪಗಿರುವವರ ಕಷ್ಟ ಸ್ವಲ್ಪ ಜಾಸ್ತಿಯೇ. ಕಾರ್ಯಪ್ಪ, ತಿಮ್ಮಯ್ಯ ಅವರ ಊರು, ಹಾಕಿಯ ಊರು. ಮೈಸೂರಿನಲ್ಲಿ ನೆಂಟರ ಮನೆಗೆ ಹೋದರೆ ‘ಕೊಡಗಿನವರು ಅಂತೀರ, ಹೀಗಿದ್ದೀರ?’ ಅಂತ ಕೇಳುತ್ತಾರೆ. ನಾವೆಲ್ಲ ಬೂಟು ಹಾಕಿಕೊಂಡೇ ಹುಟ್ಟುತ್ತೇವೆ ಅಂದುಕೊಂಡಿದ್ದಾರೋ ಏನೋ! ಇಲ್ಲಿ ಮದುವೆ ಊಟಕ್ಕೆ ಹೋದರೆ ಅದು ಇನ್ನೊಂದು ಕಥೆ. ಎರಡನೇ ಸಲ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಹಾಕಿಸಿಕೊಂಡರೆ ಸುತ್ತ ನಾಲ್ಕು ಕಣ್ಣು ನನ್ನ ತಟ್ಟೆಗೇ ಬೀಳುತ್ತವೆ. ಪಕ್ಕದಲ್ಲಿ ನನ್ನ ಸಣಕಲ ಗೆಳೆಯ ನಾಲ್ಕನೇ ಸಲ ಪಂದಿ ಕರಿ (ಹಂದಿ ಮಾಂಸದ ಸಾರು) ಹಾಕಿಸಿಕೊಳ್ಳುತ್ತಿದ್ದರೆ ಅವನಿಗೆ ‘ತಿನ್ನಪ್ಪ ತಿನ್ನು, ಮೈಗೆ ಹತ್ತಲಿ’ ಅನ್ನುವ ಉಪಚಾರ.

ಇಷ್ಟು ವರ್ಷ ನಾನೂ ನಗುತ್ತಿದ್ದೆ. ಗಂಡಸಾದವನು ಇದಕ್ಕೆಲ್ಲ ಬೇಜಾರು ಮಾಡಿಕೊಂಡ ಅಂತ ಗೊತ್ತಾದರೆ ಅದಕ್ಕೂ ಒಂದು ನಗು ಇರುತ್ತದೆ. ತೋಟದ ಜೀಪು ಹತ್ತುವಾಗ ‘ನಾನು ಮುಂದೆ ಕೂರುತ್ತೇನಪ್ಪ, ಹಿಂದೆ ಕೂತರೆ ಜೀಪು ಏರು ಹತ್ತಲ್ಲ’ ಅಂತ ಅವರಿಗಿಂತ ಮೊದಲು ನಾನೇ ಹೇಳಿ ನಗಿಸುವುದನ್ನು ಕಲಿತಿದ್ದೆ. ಮೊದಲು ನಾನೇ ಹೇಳಿಬಿಟ್ಟರೆ ಸ್ವಲ್ಪ ಕಮ್ಮಿ ಚುಚ್ಚುತ್ತದೆ, ಅಷ್ಟೆ.

ಆದರೆ ಈ ನಾಚಿಕೆ ನನ್ನ ಕಾಲನ್ನೇ ತಿನ್ನುತ್ತಿತ್ತು. ಮೂರು ವರ್ಷದ ಹಿಂದೆ ಕೆಮ್ಮು ಬಿಡಲಿಲ್ಲ ಅಂತ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ತೂಕದ ಮೆಷಿನ್ ಹತ್ತುವಾಗ ಅಲ್ಲಿದ್ದ ಹುಡುಗ ‘ಸಾರ್ ಮೆಲ್ಲಗೆ, ಇದು ಹೊಸದು’ ಅಂದ. ಕಾದು ಕೂತಿದ್ದ ಏಳೆಂಟು ಜನ ನಕ್ಕರು. ಒಳಗೆ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲೇ ‘ತೂಕ ಇಳಿಸಿ, ಎಲ್ಲ ಸರಿಹೋಗುತ್ತೆ’ ಅಂದರು. ಕೆಮ್ಮಿಗೆ! ಅವತ್ತೇ ತೀರ್ಮಾನ ಮಾಡಿದೆ, ಸಾಯುವ ಹಾಗಾದರೆ ಮಾತ್ರ ಇನ್ನು ಡಾಕ್ಟರ ಹತ್ತಿರ ಹೋಗುವುದು ಅಂತ.

ಹೋದ ಮಳೆಗಾಲದಲ್ಲಿ ಕಾಲಿನ ಗಿಣ್ಣಿನ ಹತ್ತಿರ ಜಿಗಣೆ ಕಚ್ಚಿತು. ತೋಟದಲ್ಲಿ ಅದು ದಿನಾ ಇರುವುದೇ, ಸುಣ್ಣ ಹಚ್ಚಿ ಮರೆಯುವಂಥದ್ದು. ಈ ಸಲ ವಾರ ಕಳೆದರೂ ಒಣಗಲಿಲ್ಲ, ತಿಂಗಳಾದರೂ ಕೀವು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ, ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಆದರೂ ಹೋಗಲಿಲ್ಲ, ಆ ಮೆಷಿನ್ ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ಹೆಂಡತಿ ಬೈದು ಬೇರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಇದೆಯಲ್ಲ, ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ನನ್ನದು 9.4 ಇತ್ತು.

ಈ ಡಾಕ್ಟರು ಮಾಡಿದ ಒಂದು ಸಣ್ಣ ಕೆಲಸ ಹೇಳಲೇಬೇಕು. ಬಿಪಿ ನೋಡುವಾಗ ನನ್ನ ತೋಳಿಗೆ ಪಟ್ಟಿ ಬಿಗಿಯಾಯಿತು. ಅವರು ಏನೂ ಅನ್ನದೆ ಅದನ್ನು ಬಿಚ್ಚಿ, ಡ್ರಾಯರಿಂದ ದೊಡ್ಡ ಪಟ್ಟಿ ತೆಗೆದು ಕಟ್ಟಿದರು. ಮೊದಲು 160 ತೋರಿಸಿದ್ದು 138ಕ್ಕೆ ಬಂತು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಜಾಸ್ತಿ ತೋರಿಸುತ್ತದಂತೆ. ಹಾಗಾದರೆ ಇಷ್ಟು ವರ್ಷ ನನ್ನಂಥ ಎಷ್ಟು ಜನ ಸುಮ್ನೆ ಗಾಬರಿಯಾಗಿ ಮನೆಗೆ ಹೋಗಿದ್ದಾರೋ?

ತೂಕದಿಂದ ತೊಂದರೆಯೇ ಇಲ್ಲ ಅಂತ ನಾನು ವಾದ ಮಾಡುತ್ತಿಲ್ಲ. ಸಕ್ಕರೆಗೂ ತೂಕಕ್ಕೂ ನಂಟಿದೆ, ಅದು ನನಗೂ ಗೊತ್ತು. ನೂರಕ್ಕೆ ಐದು ಪಾಲು ಇಳಿದರೂ ಉಪಯೋಗ ಇದೆ ಅಂತ ಡಾಕ್ಟರು ಹೇಳಿದ ಮೇಲೆ 110ರಿಂದ 104ಕ್ಕೆ ಬಂದಿದ್ದೇನೆ, ಸಕ್ಕರೆ 7.1ಕ್ಕೆ ಇಳಿದಿದೆ, ಗಾಯ ಒಣಗಿದೆ. ಇಳಿದ ಆರು ಕೆಜಿ ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ. ‘ಇನ್ನೂ ದಪ್ಪ ಆಗಿದ್ದೀರಲ್ಲ’ ಹಾಗೇ ಮುಂದುವರಿದಿದೆ.

ಈ ಬಿಎಂಐ ಅನ್ನುವ ಲೆಕ್ಕವನ್ನೂ ಕಲಿತೆ. ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸುವುದು. ನನ್ನದು 36. ಇದರ ಮೂಲ ಸೂತ್ರ ಮಾಡಿದವರು ಬೆಲ್ಜಿಯಂನ ಕೆಟ್ಲೆ, 1830ರ ದಶಕದಲ್ಲಿ. ಅವರು ಡಾಕ್ಟರಲ್ಲ, ಗಣಿತದವರು, ಸಾವಿರಾರು ಜನರ ಸರಾಸರಿ ಹುಡುಕುತ್ತಿದ್ದವರು. ಆ ಲೆಕ್ಕಕ್ಕೆ ಕೊಬ್ಬು ಯಾವುದು, ಸ್ನಾಯು ಯಾವುದು ಅಂತ ಗೊತ್ತಾಗುವುದಿಲ್ಲ. ಇನ್ನೊಂದು ತಮಾಷೆ ನೋಡಿ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಅಂತ ಡಾಕ್ಟರುಗಳು ಹಿಡಿಯುತ್ತಾರೆ. ಅಂದರೆ ನನ್ನ ಎತ್ತರದವರು 73 ಕೆಜಿ ತೂಗಿದರೆ ಬೊಜ್ಜಿನ ಸಾಲಿಗೆ ಬಂದ ಹಾಗೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ನೂರರಲ್ಲಿ 24 ಹೆಂಗಸರು, 23 ಗಂಡಸರು 25ರ ಆಚೆಗೇ ಇದ್ದಾರೆ. ಜೀಪಿನಲ್ಲಿ ನನ್ನನ್ನು ನೋಡಿ ನಗುವವರು ಒಮ್ಮೆ ಮನೆಯಲ್ಲಿ ಈ ಲೆಕ್ಕ ಮಾಡಿ ನೋಡಲಿ.

ಕುಯ್ಲಿನ ತಿಂಗಳುಗಳಲ್ಲಿ ಸಂಜೆ ತೂಕದ ಕೊಕ್ಕೆಯ ಮುಂದೆ ನಿಲ್ಲುವವನು ನಾನೇ. ಮಳೆ ಬಿದ್ದ ದಿನದ ಹಣ್ಣಿನ ತೂಕವೇ ಬೇರೆ, ಅದು ನನಗೂ ಗೊತ್ತು, ಕುಯ್ಯುವವರಿಗೂ ಗೊತ್ತು. ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರುವಾಗ 50 ಕೆಜಿ ಚೀಲ ಅಂದ ಕೂಡಲೇ ವ್ಯಾಪಾರಿ ದುಡ್ಡು ಎಣಿಸುವುದಿಲ್ಲ. ಸ್ಯಾಂಪಲ್ ತೆಗೆಯುತ್ತಾನೆ, ತೇವಾಂಶ ನೋಡುತ್ತಾನೆ, ಸಿಪ್ಪೆ ಹೋಗಿ ಬೀಜ ಎಷ್ಟು ಉಳಿಯುತ್ತೆ ಅಂತ ಓಟಿ ತೆಗೆಯುತ್ತಾನೆ, 26 ಕೆಜಿ ಬಂತಾ 28 ಬಂತಾ ಅಂತ ಜಗಳವೂ ಆಗುತ್ತದೆ. ಒಂದು ಚೀಲ ಕಾಫಿಗೆ ಇಷ್ಟು ತಾಳ್ಮೆ ಇರುವವರು ಮನುಷ್ಯನನ್ನು ಮಾತ್ರ ಗೇಟಿನಿಂದಲೇ ನೋಡಿ ಸೋಮಾರಿ, ತಿಂಡಿಪೋತ ಅಂತ ಬರೆದು ಮುಗಿಸುತ್ತಾರೆ. ಒಬ್ಬರಿಗೆ ಥೈರಾಯ್ಡ್, ಒಬ್ಬರಿಗೆ ಪಿಸಿಒಡಿ ಅನ್ನುವ ಅಂಡಾಶಯದ ತೊಂದರೆ, ಇನ್ನೊಬ್ಬರು ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು. ನನ್ನ ಅಪ್ಪ, ಅಜ್ಜ ಇಬ್ಬರದೂ ಇದೇ ಮೈಕಟ್ಟು. ನಾನು ದಿನಕ್ಕೆ ಏಳೆಂಟು ಕಿಲೋಮೀಟರ್ ತೋಟ ಸುತ್ತುತ್ತೇನೆ. ಇದನ್ನೆಲ್ಲ ಯಾರಿಗೂ ಒಪ್ಪಿಸಬೇಕಾಗಿಯೂ ಇಲ್ಲ ಅಲ್ವಾ?

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಬರೆಸಿದ್ದು ಮಗಳು. ಒಂಬತ್ತನೇ ಕ್ಲಾಸು, ನನ್ನದೇ ಮೈ. ಹಾಕಿ ಅಂದರೆ ಪ್ರಾಣ. ಹೋದ ತಿಂಗಳು ಅವಳ ಆಟ ನೋಡಲು ಹೋಗಿದ್ದೆ. ತಂಡ ಆರಿಸುವಾಗ ಪಕ್ಕದಲ್ಲಿದ್ದ ದೊಡ್ಡವರೊಬ್ಬರು ‘ಅವಳನ್ನ ಗೋಲಿಗೆ ನಿಲ್ಲಿಸಿ, ಅರ್ಧ ಗೋಲು ಅವಳೇ ಮುಚ್ಚುತ್ತಾಳೆ’ ಅಂದರು. ಎಲ್ಲರೂ ನಕ್ಕರು. ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು, ‘ಅರ್ಧ ಯಾಕೆ ಅಂಕಲ್, ಪೂರ್ತಿ’ ಅಂದಳು. ಆ ನಗು ಎಲ್ಲಿಂದ ಕಲಿತಳು ಅಂತ ನನಗೆ ಗೊತ್ತಾಗದೇ ಇರುತ್ತದೆಯೇ? ಅವತ್ತು ರಾತ್ರಿ ‘ಹಸಿವಿಲ್ಲ’ ಅಂದು ಅಕ್ಕಿ ರೊಟ್ಟಿ ಹಾಗೇ ಬಿಟ್ಟು ಎದ್ದು ಹೋದಳು.

ಇದೇ ಜಿಲ್ಲೆಯಲ್ಲಿ 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬ ಹಾಕಿಯಲ್ಲಿ ಮೊಮ್ಮಕ್ಕಳ ಜೊತೆ ಅಜ್ಜಂದಿರು, ಅತ್ತೆ ಸೊಸೆಯಂದಿರು ಒಂದೇ ತಂಡದಲ್ಲಿ ಓಡುತ್ತಾರೆ. ಅಲ್ಲಿ ಹೊಟ್ಟೆ ಇದ್ದವರೂ ಓಡುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಶಾಲೆಯ ಮೈದಾನಕ್ಕೆ ಬಂದ ಕೂಡಲೇ ನಮಗೆ ಏನಾಗುತ್ತದೋ ಗೊತ್ತಿಲ್ಲ.

ಸಂಪಾದಕರೇ, ನಿಮ್ಮ ಹತ್ತಿರವೂ ಒಂದು ತಕರಾರಿದೆ. ಭಾನುವಾರದ ಪುಟದಲ್ಲಿ ಡುಮ್ಮಿ ಹೆಂಡತಿ, ಡೊಳ್ಳು ಹೊಟ್ಟೆ ಪೊಲೀಸಪ್ಪನ ನಗೆಹನಿಗಳು ಬರುತ್ತಲೇ ಇರುತ್ತವೆ. ಅದರ ಕೆಳಗೇ ತಿಂಗಳಲ್ಲಿ 15 ಕೆಜಿ ಇಳಿಸುವ ಪುಡಿಯ ಜಾಹೀರಾತು. ಎರಡನ್ನೂ ನಿಲ್ಲಿಸಿದರೆ ನಿಮಗೆ ಅಷ್ಟೇನೂ ನಷ್ಟ ಆಗಲಾರದು. ನಮ್ಮ ಜಿಲ್ಲೆಯ ಕ್ಲಿನಿಕ್ಕುಗಳವರು ಈ ಪತ್ರ ಓದಿದರೆ, ದಯವಿಟ್ಟು ತೂಕದ ಮೆಷಿನ್ ಅನ್ನು ಪರದೆಯ ಒಳಗೆ ಇಡಿ. ದೊಡ್ಡ ಬಿಪಿ ಪಟ್ಟಿ ಒಂದು ತಂದಿಟ್ಟುಕೊಳ್ಳಿ.

ಬರುವ ಶನಿವಾರ ಮಗಳ ಶಾಲೆಗೆ ಪಂದ್ಯ ಇದೆ. ಗೋಲಿಗೆ ನಿಲ್ಲಲ್ಲ, ಫುಲ್‌ಬ್ಯಾಕ್ ಆಡ್ತೀನಿ ಅಂತ ಟೀಚರ್ ಹತ್ತಿರ ಅವಳೇ ಹೋಗಿ ಹೇಳಿದ್ದಾಳೆ. ಅವರು ಇನ್ನೂ ಏನೂ ಹೇಳಿಲ್ಲ. ನಾನಂತೂ ಅವತ್ತು ರಜೆ ಹಾಕಿದ್ದೇನೆ.

– ಒಬ್ಬ ತೋಟದ ರೈಟರ್, ಸುಂಟಿಕೊಪ್ಪ