ಸೋರುವ ನೀರಿನೊಂದಿಗೆ ಸೋರುವ ಕರೆಂಟು

ಮಾನ್ಯರೇ,

ಕಳೆದ ವಾರ ಬೆಳಗಿನ ಜಾವ ಬಾಗಿಲು ತೆರೆದಾಗ ನಮ್ಮ ಮನೆಯ ಸಂಪು ತುಂಬಿ, ಕಾವೇರಿ ನೀರು ಗೇಟಿನಡಿಯಿಂದ ರಸ್ತೆಗೆ ಹರಿಯುತ್ತಿತ್ತು. ಬಾಲ್ ವಾಲ್ವ್‌ನ ವಾಷರ್ ಸವೆದಿತ್ತು. ಇಂದು ನಾಳೆ ಎನ್ನುತ್ತ ಅದನ್ನು ಬದಲಿಸದೆ ಬಿಟ್ಟವನು ನಾನೇ. ಹಾಗೆ ಹರಿದುಹೋದದ್ದು ಬರಿಯ ನೀರಲ್ಲ ಎಂಬುದು ಆಮೇಲೆ ಲೆಕ್ಕ ಹಾಕಿದಾಗ ಹೊಳೆಯಿತು.

ಬೆಂಗಳೂರಿಗೆ ಈ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತ ಹಂತವಾಗಿ ಪಂಪ್ ಆಗುತ್ತ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಏರಿಸಲು, ಯಾವ ನಷ್ಟವೂ ಇಲ್ಲವೆಂದುಕೊಂಡರೂ, 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರು, ಕೊಳವೆಯ ಘರ್ಷಣೆ ಸೇರಿದರೆ ಅದು ಎರಡು ಯೂನಿಟ್‌ಗೆ ಹತ್ತಿರವಾಗುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇರುವುದರಿಂದ, ಒಂದು ಸಣ್ಣ ಸಂಪಿನಷ್ಟು ನೀರು ಹೊಗೆಯ ರೂಪದಲ್ಲಿ ಹಲವು ಕಿಲೋ ತೂಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಹೀಗಿರುವಾಗ ಜಲಮಂಡಳಿಯ ಇಂಗಾಲ ಕಡಿತದ ಯೋಜನೆ ಸೌರಫಲಕಗಳಿಂದಲ್ಲ, ಸೋರಿಕೆ ತಡೆಯುವುದರಿಂದ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ಸೌರವಿದ್ಯುತ್ ಬೇಡವೆಂದಲ್ಲ; ಆದರೆ ಪಂಪುಗಳು ರಾತ್ರಿಯೂ ಓಡುತ್ತವೆ, ಮತ್ತು ನಗರದ ಅಂಚಿನವರೆಗೆ ಏರಿಸಿ ತಂದ ನೀರು ಹಳೆಯ ಕೊಳವೆಯ ಜಾಯಿಂಟಿನಲ್ಲಿ ಮಣ್ಣುಪಾಲಾದರೆ ಅದನ್ನು ಯಾವ ವಿದ್ಯುತ್ತಿನಿಂದ ಏರಿಸಿದರೂ ನಷ್ಟ ನಷ್ಟವೇ. ಪೂರೈಸಿದರೂ ಬಿಲ್ಲಿನ ಲೆಕ್ಕಕ್ಕೆ ಸಿಗದ ನೀರಿನಲ್ಲಿ, ಸೋರಿಕೆಯ ಜೊತೆಗೆ, ಕಳವೂ ಕೆಟ್ಟ ಮೀಟರುಗಳೂ ಸೇರಿವೆ, ನಿಜ. ಆದ್ದರಿಂದಲೇ ಬಡಾವಣೆಯ ಹೆಬ್ಬಾಗಿಲಲ್ಲೊಂದು ಮೀಟರಿಟ್ಟು, ಒಳಬಂದ ನೀರನ್ನು ಬಿಲ್ಲಾದ ನೀರಿನೊಂದಿಗೆ ತಾಳೆ ನೋಡುವ ಕ್ರಮ ಎಲ್ಲೆಡೆ ಬರಬೇಕು.

ಬಳಸಿ ಬಿಟ್ಟ ನೀರಿನದು ಇನ್ನೊಂದು ಕಥೆ. ಗಾಳಿಯಿಲ್ಲದೆ ಕೊಳೆಯುವ ಕೊಳಚೆಯಿಂದ ಹೊಮ್ಮುವ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಕೊಳಚೆ ಕೆಸರಿನಿಂದ ಅದನ್ನು ಹಿಡಿದು ಉರಿಸಿದರೆ ಶುದ್ಧೀಕರಣ ಘಟಕದಲ್ಲಿ ಕೊಳಚೆಗೆ ಗಾಳಿಯೂದುವ ಬ್ಲೋವರ್‌ಗಳಿಗೆ ಬೇಕಾದ ವಿದ್ಯುತ್ತಿನ ಒಂದು ಪಾಲು ಅಲ್ಲೇ ದೊರೆಯುತ್ತದೆ.

ನನ್ನ ಕೋರಿಕೆ ಚಿಕ್ಕದು. ಪ್ರತಿ ತಿಂಗಳ ನೀರಿನ ಬಿಲ್ಲಿನಲ್ಲಿ, ನಾವು ಬಳಸಿದ ಲೀಟರುಗಳ ಪಕ್ಕದಲ್ಲೇ, ಅದನ್ನು ನಮ್ಮ ಮನೆಗೆ ತಲುಪಿಸಲು ಖರ್ಚಾದ ಯೂನಿಟ್‌ಗಳನ್ನೂ ಒಂದು ಸಾಲಿನಲ್ಲಿ ಮುದ್ರಿಸಲಿ.

– ಓರ್ವ ಗ್ರಾಹಕ, ಬೆಂಗಳೂರು