ಶನಿವಾರ ಸಂಜೆ ಐಲೀನ್ ಗ್ರೇ ನೆನಪು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31, 2026ಕ್ಕೆ ಐಲೀನ್ ಗ್ರೇ ತೀರಿಕೊಂಡು 50 ವರ್ಷ. ಅಂದು ಶನಿವಾರ, ಸಂಜೆ 6ಕ್ಕೆ ವಿಡಿಯೊ ಕರೆಯಲ್ಲಿ ಸೇರೋಣ. ಲಿಂಕ್ ಬೆಳಿಗ್ಗೆ ಇಲ್ಲೇ ಹಾಕುತ್ತೇನೆ.

ಹೊಸಬರಿಗಾಗಿ: 1878ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬಾಳಿದ ಕಲಾವಿದೆ, ಒಳಾಂಗಣ ವಿನ್ಯಾಸಕಿ. ಜಪಾನಿನ ಸುಗವಾರ ಅವರಿಂದ ಲ್ಯಾಕರ್ (ಮರದ ರಸದಿಂದ ಮಾಡುವ ಹೊಳಪಿನ ಲೇಪ) ಕೆಲಸ ಕಲಿತರು. ಪದರದ ಮೇಲೆ ಪದರ ಬಳಿಯಬೇಕು, ಒಣಗಿದ ಮೇಲೆ ಉಜ್ಜಬೇಕು. ಅದರಿಂದ ಕೈ ಚರ್ಮವೇ ಕೆಟ್ಟರೂ ಬಿಡಲಿಲ್ಲ! ಹಾಸಿಗೆ ಮೇಲಕ್ಕೆ ಚಾಚುವ, ಎತ್ತರ ಬದಲಿಸಬಹುದಾದ ಆ ಗಾಜಿನ ಮೇಜು ಇವರದೇ.

ಅವರ ಒಂದು ಕೆಲಸ ಆರಿಸಿ, ಐದು ನಿಮಿಷ ಮಾತಾಡಿ. ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ ಇವರು ವಿನ್ಯಾಸ ಮಾಡಿದ ಮನೆ ಗೋಡೆಗೆ ಇವರನ್ನು ಕೇಳದೆ ಚಿತ್ರ ಬರೆದ ಜಗಳ ಮಾತ್ರ ಬೇಡ, ಹೋದ ಸಲ ಅದೇ ಜಾಸ್ತಿ ಆಯ್ತು, ಅಲ್ವಾ?

ಗುರುವಾರದೊಳಗೆ ಹೆಸರು, ವಿಷಯ ಬರೆಯಿರಿ. ಬರಲಾಗದವರೂ ತಿಳಿಸಿ. ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ.