ಮಗಳಿಗೊಂದು ಪತ್ರ: ಮೋಡ ನಮ್ಮೂರ ಮೇಲೂ ಹೋಗ್ತಾವಲ್ಲ, ಮಿಸ್?

ಚಳ್ಳಕೆರೆ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಿದ್ದನ್ನು ಅಮ್ಮನಿಗೆ ಹೇಳಿಲ್ಲ. ಹೇಳಿದ್ದರೆ ಬೆಳಗಿನ ಮೊದಲ ಬಸ್ಸಿಗೇ ಹೊರಟುಬಿಡುತ್ತಿದ್ದಳು. ನನಗೂ ಫೋನಿನಲ್ಲಿ ಮಾತು ಸರಿಯಾಗಿ ಬರಲಿಲ್ಲ. ಅದಕ್ಕೇ ಕಾಗದ.

ನಡೆದದ್ದು ಇಷ್ಟೇ ಅಲ್ವಾ? ನಿನ್ನ ಬಿ.ಎಡ್. ಇಂಟರ್ನ್‌ಶಿಪ್ಪಿನ ಮೊದಲ ವಾರ. ಒಂಬತ್ತನೇ ಕ್ಲಾಸಿಗೆ ಕರ್ನಾಟಕದ ವಾಯುಗುಣ. ಮೂರು ರಾತ್ರಿ ಕೂತು ಪಾಠ ಯೋಜನೆ ಬರೆದಿದ್ದೆ, ಚಾರ್ಟಿಗೆ ಬಣ್ಣ ತುಂಬಿದ್ದೆ. ಮಳೆ ನೆರಳಿನ ಪ್ರದೇಶ, ಅಂದರೆ ಘಟ್ಟದ ಮರೆಯಲ್ಲಿ ಮಳೆ ಕಡಿಮೆ ಬೀಳೋ ಜಾಗ, ಅಂತ ಎರಡು ಸಾಲು ಬರೆಸಿದೆ. ಕೊನೆ ಬೆಂಚಿನ ಹುಡುಗ ಎದ್ದು, "ಮಿಸ್, ಮೋಡ ನಮ್ಮೂರ ಮೇಲೂ ಹೋಗ್ತಾವಲ್ಲ, ಮತ್ತೆ ಯಾಕೆ ಸುರಿಯಲ್ಲ?" ಅಂದ. "ಅದು ಮುಂದೆ ಬರುತ್ತೆ, ಕೂತ್ಕೋ" ಅಂದೆ. ನಿನ್ನ ಪಾಠ ನೋಡೋಕೆ ಹಿಂದೆ ಕೂತಿದ್ದ ಮೇಷ್ಟ್ರು ಏನೋ ಗೀಚಿಕೊಂಡರು.

ಅವರು ಗೀಚಿದ್ದು ಇರಲಿ ಬಿಡು. ಹುಡುಗ ಮಾತ್ರ ಇನ್ನೂ ಕಾಯ್ತಾ ಇರ್ತಾನೆ. ಅವನ ಪ್ರಶ್ನೆ ನನ್ನದೂ ಹೌದು. 407 ಲಾರಿ ಓಡಿಸಿದಷ್ಟು ವರ್ಷವೂ ನಾನು ಅದನ್ನೇ ಕೇಳಿಕೊಂಡಿದ್ದೇನೆ.

ಆಷಾಢದಲ್ಲಿ ಇಲ್ಲಿಂದ ಶೇಂಗಾ ಹಿಂಡಿ ತುಂಬಿಕೊಂಡು ಉಡುಪಿಗೆ ಹೊರಡುತ್ತಿದ್ದೆ. ಚಿತ್ರದುರ್ಗ ದಾಟುವವರೆಗೂ ಬರೀ ಗಾಳಿ, ಧೂಳು. ಜೋಗಿಮಟ್ಟಿ ಕಡೆ ಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳು ಗಿರಗಿರ ತಿರುಗುತ್ತಿದ್ದವು. ಹೋಗುವಾಗ ಗಾಳಿ ಎದುರಿಗೆ, ಡೀಸೆಲ್ ಜಾಸ್ತಿ ಕುಡಿಯೋದು. ಬರುವಾಗ ಬೆನ್ನಿಗೆ. ಹೊಳಲ್ಕೆರೆಯಲ್ಲಿ ಮೋಡ, ಶಿವಮೊಗ್ಗದಲ್ಲಿ ತುಂತುರು. ತೀರ್ಥಹಳ್ಳಿಗೆ ಮೊದಲೇ ಎಲ್ಲಾದರೂ ನಿಲ್ಲಿಸಿ ಟಾರ್ಪಾಲು ಬಿಗಿಯಬೇಕು, ಇಲ್ಲದಿದ್ದರೆ ಹಿಂಡಿ ಹೋಯಿತು ಅಂತಲೇ ಲೆಕ್ಕ. ಆಗುಂಬೆಯಲ್ಲಿ ವೈಪರ್ ಎಷ್ಟು ಬಡಿದರೂ ರಸ್ತೆ ಕಾಣದು. ಅಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ, ನಮಗೆ 500ರ ಆಸುಪಾಸು ಅಂತ ನೀನೇ ಓದಿ ಹೇಳಿದ್ದೆ. ನಡುವೆ ಇರೋದು ಇನ್ನೂರು ಚಿಲ್ಲರೆ ಕಿಲೋಮೀಟರ್ ಅಷ್ಟೇ. ನಮ್ಮ ಹಂಚು ಹಾರಿಸೋ ಆಷಾಢದ ಗಾಳಿಯೇ ಅಲ್ಲಿ ಮಳೆ ಸುರಿಸಿ ಬಂದ ಗಾಳಿ. ನೀರು ಅಲ್ಲಿ ಇಳಿಸಿ ಖಾಲಿ ಗಾಡಿ ಓಡಿಸಿಕೊಂಡು ಬಂದ ಹಾಗೆ. ಅದಕ್ಕೇ ತಾನೇ ನಮ್ಮ ರೈತರು ಆಷಾಢ ಕಳೆದು ಬರೋ ಉತ್ತರೆ, ಹಸ್ತ, ಚಿತ್ತೆ ಮಳೆ ಅಂತ ಕಾಯೋದು?

ಮಕ್ಕಳು ಅಲ್ಲಿಗೂ ಬಿಡಲ್ಲ. ಗಾಳಿ ಘಟ್ಟ ಹತ್ತಿದರೆ ಮಳೆ, ಇಳಿದರೆ ಇಲ್ಲ, ಯಾಕೆ ಅಂತಾರೆ. ನೀನು ಡಿಗ್ರಿಯಲ್ಲಿದ್ದಾಗ ನನಗೆ ಹೇಳಿದ್ದು ನೆನಪಿದೆಯಾ? ಗಾಳಿ ಮೇಲೇರಿದರೆ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ, ತಣ್ಣಗಾದರೆ ಒಳಗಿನ ತೇವ ಹನಿಯಾಗುತ್ತದೆ. ಇಳಿದರೆ ಒತ್ತಿ ಬಿಸಿಯಾಗುತ್ತದೆ, ಇದ್ದ ಮೋಡವೂ ಕರಗುತ್ತದೆ. ಅವತ್ತು ನನಗೆ ತಟ್ಟನೆ ಹೊಳೆದದ್ದು ಟಯರು. ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ. ಸೈಕಲ್ ಪಂಪಿನಲ್ಲಿ ಜೋರಾಗಿ ಗಾಳಿ ಹೊಡೆದರೆ ಪಂಪಿನ ಬುಡ ಮುಟ್ಟೋಕಾಗಲ್ಲ. ಮುಂದಿನ ವಾರ ಆ ಹುಡುಗನ ಕೈಗೇ ಪಂಪು ಕೊಡು. ಅವನೇ ಹೊಡೆಯಲಿ, ಅವನೇ ಬುಡ ಮುಟ್ಟಿ ನೋಡಲಿ. ಆಮೇಲೆ ನಿನ್ನ ಚಾರ್ಟು ತೋರಿಸು. ಪಾಠ ಯೋಜನೆಯಲ್ಲಿ ಪಂಪನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ, ಅದು ನಿನಗೇ ಗೊತ್ತು.

ಇನ್ನೊಂದು ಮಾತು. ಬಿ.ಎಡ್. 2015ರಿಂದ ಎರಡು ವರ್ಷ ಆಯಿತು, ಮೊದಲಿನ ಹಾಗೆ ಒಂದೇ ವರ್ಷ ಇದ್ದಿದ್ದರೆ ಇಷ್ಟೊತ್ತಿಗೆ ಮುಗೀತಿತ್ತು ಅಂತ ಗೊಣಗಿದೆಯಲ್ಲ, ನನಗೆ ಹಾಗೆ ಅನ್ನಿಸಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೂ ಘಟ್ಟ ಇಳಿಸೋಕೆ ನನಗೆ ಎರಡು ಮಳೆಗಾಲ ಬೇಕಾಯಿತು. ಅಲ್ಲಿಯವರೆಗೂ ಪಕ್ಕದಲ್ಲಿ ಹಳೇ ಡ್ರೈವರ್ ಕೂತಿರುತ್ತಿದ್ದ. ಅವನೂ ಏನೇನೋ ಗೊಣಗುತ್ತಿದ್ದ, ನಿನ್ನ ಮೇಷ್ಟ್ರ ಹಾಗೆ.

ಹೈಸ್ಕೂಲಿನಲ್ಲಿ ಬರೀ ಭೂಗೋಳ ಮಾಡೋಕೆ ಬಿಡಲ್ಲ, ಸಮಾಜ ವಿಜ್ಞಾನ ಅಂತ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎಲ್ಲಾ ನೀನೇ ಮಾಡಬೇಕು, ಕೊನೆಗೆ ಭೂಗೋಳಕ್ಕೆ ಪೀರಿಯಡ್ಡೇ ಉಳಿಯಲ್ಲ ಅಂತ ಹೇಳಿದೆ. ಅದು ನಿಜ ಇರಬಹುದು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆ ಬರೆಯೋದು ಬಂದೇ ಬರುತ್ತದಲ್ಲ? ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ಭಾರತ ಇನ್ನೂ ಇದೆ. ಗುಜರಾತ್ ಊದಿಕೊಂಡಿದೆ. 82½ ಡಿಗ್ರಿ ರೇಖಾಂಶದ ಗೆರೆ ಮಾತ್ರ ನೆಟ್ಟಗಿದೆ. ಸುಣ್ಣ ಹೊಡೆಸುವಾಗ ಆ ಜಾಗ ಬಿಡಿ ಅಂದವಳು ನಿಮ್ಮಮ್ಮ.

ಶನಿವಾರದ ಬಸ್ಸಿನಲ್ಲಿ ಒಂದು ಚೀಲ ಕಳಿಸುತ್ತೇನೆ. ಒಳಗೆ ನಾಲ್ಕು ಡಬ್ಬಿ. ನಮ್ಮ ಹೊಲದ ಕೆಂಪು ಮಣ್ಣು, ಹಿರಿಯೂರು ಕಡೆಯ ಎರೆ ಮಣ್ಣು, ತೀರ್ಥಹಳ್ಳಿಯ ಜಂಬಿಟ್ಟಿಗೆ ಮಣ್ಣು, ಮಲ್ಪೆಯ ಮರಳು. ಹಳೇ ಗೆಳೆಯರು ತಂದುಕೊಟ್ಟರು. ಹೆಸರು ಬರೆದಿಲ್ಲ. ಮಕ್ಕಳು ನೀರು ಹಾಕಿ ಕಲಸಿ ಕಂಡುಹಿಡಿಯಲಿ, ಎರೆ ಮಣ್ಣು ಕೈ ಬಿಡಲ್ಲ, ಬೇಗ ಗೊತ್ತಾಗುತ್ತದೆ. ಪಂಪೂ ಅದರಲ್ಲೇ ಇದೆ, ವಾಶರ್ ಹೊಸದು ಹಾಕಿಸಿದ್ದೇನೆ.

ಡಬ್ಬಿಗಳನ್ನು ತೊಳೆದು ವಾಪಸ್ ತಾ. ಉಪ್ಪಿನಕಾಯಿ ಡಬ್ಬಿ ಎಲ್ಲಿ ಅಂತ ಅಮ್ಮ ಆಗಲೇ ಎರಡು ಸಲ ಕೇಳಿದ್ದಾಳೆ.

ನಿನ್ನ
ಅಪ್ಪ